ಪೆಟ್ಟಿಗೆ ಬಿಟ್ಟುಹೋದ ಜೇನು ಕುಟುಂಬವನ್ನು ಮನೆಯೊಳಗೆ ಕಂಡುಹಿಡಿದು ಮರಳಿ ತರುವ ಕ್ರಮ

ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಸಾಕುವ ಕೀಟಗಳು ಕೆಲವೇ ಆಗಿವೆ. ಅವುಗಳಲ್ಲಿ ರೇಷ್ಮೆಹುಳು ಸಾವಿರಾರು ವರ್ಷಗಳ ಸಾಕಾಣಿಕೆಯಿಂದ ಸ್ವಾತಂತ್ರ್ಯವನ್ನೇ ಮರೆತಿರುತ್ತದೆ. ಅದರ ಪತಂಗಕ್ಕೆ ರೆಕ್ಕೆಗಳಿದ್ದರೂ ಹಾರುವ ಶಕ್ತಿಯಿಲ್ಲ. ಅರಗಿನ ಹುಳುವು ತಾನು ಹತ್ತಿದ ಕೊಂಬೆಗೆ ಅಂಟಿಕೊಂಡೇ ಬಾಳುತ್ತದೆ. ಜೇನುನೊಣವೊಂದೇ ಇದಕ್ಕೆ ಹೊರತಾದುದು. ಪೆಟ್ಟಿಗೆಯನ್ನು ಎಷ್ಟೇ ಅಚ್ಚುಕಟ್ಟಾಗಿ ಮಾಡಿಸಿಕೊಟ್ಟರೂ ಅದರಲ್ಲಿ ವಾಸಿಸುವುದು ಜೇನಿನ ಇಚ್ಛೆಗೆ ಸೇರಿದ ವಿಷಯ. ಅನುಕೂಲವಿರುವ ತನಕ ಇದ್ದು, ಅನುಕೂಲ ತಪ್ಪಿದ ದಿನ ರಾಣಿಯನ್ನು ಕೂಡಿಕೊಂಡು ಹೊರಟುಹೋಗುತ್ತದೆ. ಹಾಗೆ ಹೊರಟ ಕುಟುಂಬವು ಗಿಡದ ಪೊಟರೆಯನ್ನಾಗಲಿ ಹುತ್ತವನ್ನಾಗಲಿ ಸೇರುವುದುಂಟು. ಆದರೆ ದೊಡ್ಡ ಮರಗಳು ವಿರಳವಾಗಿರುವ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಯಲು ಸೀಮೆಯಲ್ಲಿ ಕತ್ತಲೆಯೂ ತಂಪೂ ಕೂಡಿದ ಪೊಳ್ಳು ಜಾಗವೆಂದರೆ ಬಹುಮಟ್ಟಿಗೆ ಮನುಷ್ಯನ ಮನೆಯೇ. ಆದುದರಿಂದ ಸಾಕಿದ ಜೇನು ತಪ್ಪಿಸಿಕೊಂಡು ಮನೆಯ ಗೋಡೆಯನ್ನೋ ಮಾಳಿಗೆಯನ್ನೋ ಸೇರುವ ಸಂದರ್ಭಗಳು ಒದಗುತ್ತವೆ.

ಇಂಥ ಸಮಯದಲ್ಲಿ ಮನೆಯವರು ಗಾಬರಿಗೊಂಡು ಪಂಜು ಹಚ್ಚಿ ಸುಡುವರು, ಇಲ್ಲವೆ ಹೊಲಕ್ಕೆ ತಂದಿಟ್ಟ ಕೀಟನಾಶಕವನ್ನು ಗೋಡೆಯ ಬಿಲಕ್ಕೆ ಹೊಡೆಯುವರು. ಕೆಲವರು ಅದನ್ನು ಶುಭವೆಂದು ಹಾಗೆಯೇ ಬಿಡುವರು, ಕೆಲವರು ಅಶುಭವೆಂದು ಅಂಜುವರು. ಈ ಯಾವ ಮಾರ್ಗವೂ ಸರಿಯಲ್ಲ. ಕುಟುಂಬ ಎಲ್ಲಿದೆ, ಏಕೆ ಬಂದಿದೆ ಎಂಬ ಎರಡು ಸಂಗತಿಗಳನ್ನು ತಿಳಿದುಕೊಂಡವನು ಜನಕ್ಕೂ ಮನೆಗೂ ಜೇನಿಗೂ ಕೇಡಿಲ್ಲದಂತೆ ಅದನ್ನು ಮರಳಿ ಪೆಟ್ಟಿಗೆಗೆ ತರಬಲ್ಲನು. ಊರಿನಲ್ಲಿ ಗದ್ದಲವೆದ್ದಾಗ ಜನರು ಮೊದಲು ಓಡಿಬರುವುದು ಗ್ರಾಮದ ಮುಖಂಡರ ಹಾಗೂ ದೊಡ್ಡ ಹಿಡುವಳಿದಾರರ ಬಳಿಗೆ. ಆದುದರಿಂದ ಈ ವಿಷಯವನ್ನು ಅವರ ಗಮನಕ್ಕೆ ವಿಶದವಾಗಿ ತರಲಾಗಿದೆ.

1. ಬಂದಿರುವ ಜೇನು ಯಾವ ಜಾತಿಯದು?

ಎಲ್ಲಕ್ಕಿಂತ ಮೊದಲು ಜಾತಿಯನ್ನು ಗುರುತಿಸತಕ್ಕದ್ದು. ಇದರಲ್ಲಿ ತಪ್ಪಿದರೆ ಪ್ರಾಣಾಪಾಯವುಂಟು.

ಹೆಜ್ಜೇನು ಎಲ್ಲಕ್ಕಿಂತ ದೊಡ್ಡದು. ಒಂದೇ ಅಗಲವಾದ ಎರಿಯನ್ನು ಬಯಲಿನಲ್ಲಿ, ಅಂದರೆ ಎತ್ತರದ ಮರ, ಬಂಡೆ, ನೀರಿನ ಟ್ಯಾಂಕು, ದೇವಾಲಯದ ಗೋಪುರ ಮುಂತಾದ ಕಡೆ ತೂಗುಬಿಡುತ್ತದೆ. ಇದು ಪೆಟ್ಟಿಗೆಯಲ್ಲಿ ನಿಲ್ಲುವ ಜಾತಿಯಲ್ಲ. ಕೆಣಕಿದರೆ ಗುಂಪುಗೂಡಿ ಬಹುದೂರ ಅಟ್ಟಿಸಿಕೊಂಡು ಬರುತ್ತದೆ. ಈ ಲೇಖನದಲ್ಲಿ ಹೇಳಿರುವ ಯಾವ ಕ್ರಮವನ್ನೂ ಹೆಜ್ಜೇನಿನ ಮೇಲೆ ಪ್ರಯೋಗಿಸಕೂಡದು.

ಕೋಲುಜೇನು ಬಹು ಚಿಕ್ಕದು. ಅಂಗೈಯಷ್ಟರ ಒಂದೇ ಎರಿಯನ್ನು ಬೇಲಿಯ ಕಡ್ಡಿಗೋ ಕಿಟಕಿಯ ಸರಳಿಗೋ ಕಟ್ಟುತ್ತದೆ. ಇದೂ ಪೆಟ್ಟಿಗೆಯ ಜೇನಲ್ಲ. ಅದರ ಪಾಡಿಗೆ ಬಿಡುವುದೇ ಲೇಸು. ಮಿಸರಿ ಅಥವಾ ನಸರಿ ಜೇನು ಕುಟುಕುವುದಿಲ್ಲ. ಗೋಡೆಯ ಸಂದಿಯಲ್ಲಿ ಮೇಣದ ಸಣ್ಣ ಕೊಳವೆಯಂಥ ಬಾಗಿಲು ಕಂಡರೆ ಅದು ಮಿಸರಿಯದೆಂದು ತಿಳಿಯತಕ್ಕದ್ದು. ಇದರಿಂದ ಮನೆಗೆ ಯಾವ ತೊಂದರೆಯೂ ಇಲ್ಲ.

ಪೆಟ್ಟಿಗೆಯಲ್ಲಿ ಸಾಕುವವು ಎರಡು ಜಾತಿಗಳು. ಒಂದು ನಮ್ಮ ನಾಡಿನ ತುಡುವೆ. ಇದು ಕತ್ತಲೆಯ ಪೊಳ್ಳಿನಲ್ಲಿ ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದು ಸಾಲಾಗಿ ಕಟ್ಟುತ್ತದೆ. ಮತ್ತೊಂದು ಯುರೋಪಿನ ಮೆಲ್ಲಿಫೆರಾ ಜೇನು. ಇದು 1962ರಲ್ಲಿ ನಗ್ರೋಟಾ ಬಗ್ವಾನ್ ಎಂಬಲ್ಲಿ, ಅಂದರೆ ಈಗಿನ ಹಿಮಾಚಲ ಪ್ರದೇಶದಲ್ಲಿ, ಭಾರತದ ನೆಲದಲ್ಲಿ ಯಶಸ್ವಿಯಾಗಿ ನೆಲೆಗೊಂಡಿತು. ಹೂವಿನ ಕಾಲಕ್ಕೆ ಲಾರಿಗಳಲ್ಲಿ ಪೆಟ್ಟಿಗೆ ತಂದು ಹೊಲದ ಬದಿಯಲ್ಲಿ ಇಡುವವರಲ್ಲಿರುವುದು ಹೆಚ್ಚಾಗಿ ಇದೇ ಜಾತಿ. ಇದು ತುಡುವೆಗಿಂತ ತುಸು ದೊಡ್ಡದು. ಎರಡನ್ನೂ ಹಿಡಿಯುವ ಕ್ರಮ ಬಹುಮಟ್ಟಿಗೆ ಒಂದೇ. ಆದರೆ ಗೂಡನ್ನು ತೊರೆದುಹೋಗುವ ಸ್ವಭಾವ ತುಡುವೆಯಲ್ಲಿ ಹೆಚ್ಚು.

ಇನ್ನೊಂದು ಸಂಗತಿ. ರಾತ್ರಿ ದೀಪದ ಸುತ್ತ ನೊಣಗಳು ಹಾರಾಡಿ ಬೆಳಗ್ಗೆ ಕೆಳಗೆ ಸತ್ತುಬಿದ್ದಿದ್ದರೆ ಮನೆಯೊಳಗೆ ಗೂಡಿದೆಯೆಂದು ಎಣಿಸಬೇಕಾದುದಿಲ್ಲ. ಹೆಜ್ಜೇನಿನ ನೊಣಗಳು ರಾತ್ರಿಯಲ್ಲಿಯೂ ಹಾರುವ ಶಕ್ತಿಯುಳ್ಳವು. ಅವು ವಿದ್ಯುದ್ದೀಪಕ್ಕೆ ಮರುಳಾಗಿ ಹೊರಗಿನಿಂದ ಬರುತ್ತವೆ. ಅಂಥಲ್ಲಿ ದೀಪವನ್ನು ಆರಿಸುವುದೇ ಪರಿಹಾರ.

2. ಖಾಲಿ ಪೆಟ್ಟಿಗೆಯ ಪರೀಕ್ಷೆ

ತಪ್ಪಿಸಿಕೊಂಡ ಜೇನನ್ನು ಹುಡುಕಲು ಹೊರಡುವ ಮುನ್ನ ಅದು ಬಿಟ್ಟುಹೋದ ಪೆಟ್ಟಿಗೆಯನ್ನು ತೆರೆದು ನೋಡತಕ್ಕದ್ದು. ಜೇನು ಪೆಟ್ಟಿಗೆಯಿಂದ ಹೊರಡುವುದು ಎರಡು ವಿಧ.

ಮೊದಲನೆಯದು ಪಾಲಾಗುವುದು. ಹೂವು ಹೇರಳವಾಗಿ, ಕುಟುಂಬ ಬಲವಾಗಿ ಬೆಳೆದು, ಜಾಗ ಸಾಲದೆ ಹೋದಾಗ ಹಳೆಯ ರಾಣಿಯು ಸುಮಾರು ಅರ್ಧದಷ್ಟು ನೊಣಗಳೊಡನೆ ಹೊರಬೀಳುತ್ತದೆ. ಪೆಟ್ಟಿಗೆಯಲ್ಲಿ ಉಳಿದ ನೊಣಗಳೂ, ಮುಚ್ಚಿದ ಮರಿಗಳೂ, ಎರಿಯ ಅಂಚಿನಲ್ಲಿ ಕೆಳಮುಖವಾಗಿ ಇಳಿಬಿದ್ದ ರಾಣಿಕೋಶಗಳೂ ಕಾಣುತ್ತವೆ. ಇದು ಅಣ್ಣತಮ್ಮಂದಿರು ಬೇರೆಯಾದಂತೆ, ಮನೆ ಹಾಳಾದುದಲ್ಲ. ಹೋದ ಪಾಲು ಸಿಕ್ಕಿದರೆ ಒಂದು ಪೆಟ್ಟಿಗೆ ಎರಡಾಗುತ್ತದೆ.

ಎರಡನೆಯದು ಪರಾರಿಯಾಗುವುದು. ಇದರಲ್ಲಿ ಒಂದು ನೊಣವೂ ಉಳಿಯದಂತೆ ಇಡೀ ಕುಟುಂಬ ಹೊರಟುಹೋಗುತ್ತದೆ. ತುಡುವೆಯು ಪರಾರಿಯಾಗುವುದಕ್ಕೆ ಕೆಲವು ದಿನಗಳ ಮೊದಲೇ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿ, ಇದ್ದ ಮರಿಗಳು ಹೊರಬರುವ ತನಕ ಸಾಮಾನ್ಯವಾಗಿ ಕಾದು, ಕೂಡಿಟ್ಟ ಜೇನನ್ನು ಹೊಟ್ಟೆಗೆ ತುಂಬಿಕೊಂಡು ಹೋಗುತ್ತದೆ. ಆದುದರಿಂದ ಎರಿಗಳು ಬರಿದಾಗಿರುತ್ತವೆ. ಆ ಬರಿದಾದ ಎರಿಗಳೇ ಕಾರಣವನ್ನು ಹೇಳುತ್ತವೆ. ಎರಿಯಲ್ಲಿ ಜೇಡರ ಬಲೆಯಂಥ ನೂಲು ಹಾಗೂ ಕಪ್ಪು ಹಿಕ್ಕೆ ಕಂಡರೆ ಮೇಣದ ಪತಂಗದ ಹುಳು ಬಿದ್ದಿದೆ. ಪೆಟ್ಟಿಗೆಯ ಕಾಲಿನ ಮೇಲೆ ಇರುವೆಯ ಸಾಲಿದ್ದರೆ ಅದೇ ಕಾರಣವಾಗಿರಬಹುದು. ಕೋಶಗಳಲ್ಲಿ ಮರಿಗಳು ತಲೆಯೆತ್ತಿಕೊಂಡು, ನೀರು ತುಂಬಿದ ಸಣ್ಣ ಚೀಲದಂತೆ ಸತ್ತಿದ್ದರೆ ಅದು ಚೀಲಮರಿ ರೋಗ. 1991–92ರಲ್ಲಿ ದಕ್ಷಿಣ ಭಾರತವನ್ನು ಹೊಕ್ಕ ಥಾಯ್ ಚೀಲಮರಿ ರೋಗವು ಕರ್ನಾಟಕದ ತುಡುವೆ ಕುಟುಂಬಗಳ ಬಹುಪಾಲನ್ನು ಹಾಳುಮಾಡಿತು. ಅಂಥ ಎರಿಗಳನ್ನು ಸುಟ್ಟುಹಾಕತಕ್ಕದ್ದು; ಹಿಡಿದು ತಂದ ಕುಟುಂಬವನ್ನು ಎಂದಿಗೂ ಅವುಗಳ ಮೇಲೆ ಇಳಿಸಕೂಡದು.

ಇವಾವುವೂ ಕಾಣದಿದ್ದರೆ ಬಿಸಿಲು ಇಲ್ಲವೆ ಹಸಿವು ಕಾರಣವೆಂದು ತಿಳಿಯಬಹುದು. ಜೇನು ತನ್ನ ಮರಿಗಳನ್ನು 33ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾಕುತ್ತದೆ. ನಮ್ಮ ಭಾಗದ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ನೆರಳಿಲ್ಲದ ಪೆಟ್ಟಿಗೆಯನ್ನು ಆ ಮಿತಿಯೊಳಗೆ ತಂಪಾಗಿಡಲು ನೊಣಗಳು ದೂರದಿಂದ ನೀರು ತಂದು ರೆಕ್ಕೆ ಬೀಸುತ್ತ ಹಗಲೆಲ್ಲ ದಣಿಯಬೇಕಾಗುತ್ತದೆ. ಅಂಥಾಗ ಅದೇ ಅಂಗಳದ ಮಣ್ಣಿನ ಗೋಡೆ, ದಪ್ಪ ಮಾಳಿಗೆ ಅವುಗಳಿಗೆ ಹೆಚ್ಚು ಹಿತವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

3. ಮನೆಯಲ್ಲಿ ಹುಡುಕುವ ಬಗೆ

ಹೊರಟ ಕುಟುಂಬವು ನೆಟ್ಟಗೆ ಹೊಸ ಮನೆಗೆ ಹೋಗುವುದು ಅಪರೂಪ. ಮೊದಲು ಸಮೀಪದ ಕೊಂಬೆಯಲ್ಲೋ ಚಪ್ಪರದ ಗಳದಲ್ಲೋ ಗೊಂಚಲಾಗಿ ಇಳಿಬೀಳುತ್ತದೆ. ಕೆಲವು ವೇಳೆ ಕೆಲವೇ ನಿಮಿಷ, ಕೆಲವು ವೇಳೆ ಒಂದೆರಡು ದಿನ ಅಲ್ಲಿಯೇ ಇರುತ್ತದೆ. ಆ ನಡುವೆ ಬೇಹುಗಾರ ನೊಣಗಳು ಸುತ್ತಲಿನ ಪೊಳ್ಳುಗಳನ್ನು ಒಳಹೊಕ್ಕು ನೋಡಿ ಬಂದು, ಗೊಂಚಲಿನ ಮೇಲೆ ಕುಣಿದು, ಜಾಗದ ದಿಕ್ಕನ್ನೂ ದೂರವನ್ನೂ ತಿಳಿಸುತ್ತವೆ. ಜೇನಿನ ಈ ಕುಣಿತದ ಭಾಷೆಯನ್ನು ಬಿಡಿಸಿದ ಕಾರ್ಲ್ ವಾನ್ ಫ್ರಿಶ್ ಎಂಬ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದರಿಂದ ನಮಗೆ ಒದಗುವ ಪಾಠವಿಷ್ಟು: ಗೋಡೆಯ ಬಿರುಕಿನ ಮುಂದೆ ಹತ್ತಿಪ್ಪತ್ತು ನೊಣಗಳು ಕಾಲಿನಲ್ಲಿ ಪರಾಗವಿಲ್ಲದೆ, ಮೂಸುತ್ತ, ಒಳಹೋಗಿ ಹೊರಬರುತ್ತಿದ್ದರೆ ಅವು ಬೇಹುಗಾರರು, ಕುಟುಂಬ ಇನ್ನೂ ಬಂದಿಲ್ಲ. ಆಗಲೇ ಆ ಬಿರುಕನ್ನು ಮಣ್ಣಿನಿಂದ ಮುಚ್ಚಿ, ಹೊರಗೆ ನೆರಳಿನಲ್ಲಿ ಮೇಣ ಸವರಿದ ಖಾಲಿ ಪೆಟ್ಟಿಗೆಯೊಂದನ್ನು ಇಟ್ಟರೆ ಕುಟುಂಬವು ತಾನಾಗಿ ಅದನ್ನು ಸೇರುವ ಸಂಭವವುಂಟು. ಬದಲಾಗಿ ನೊಣಗಳು ಹಿಂಗಾಲುಗಳಲ್ಲಿ ಹಳದಿಯ ಪರಾಗದ ಉಂಡೆಗಳನ್ನು ಹೊತ್ತು ತಡೆಯಿಲ್ಲದೆ ನೆಟ್ಟಗೆ ಒಳನುಗ್ಗುತ್ತಿದ್ದರೆ, ಒಳಗೆ ರಾಣಿಯೂ ಮರಿಗಳೂ ಇರುವವೆಂಬುದಕ್ಕೆ ಅದೇ ಬಲವಾದ ಸಾಕ್ಷಿ.

ಹುಡುಕುವವನು ಮನೆಯ ಹೊರಗೆ ಬೆಳಗ್ಗೆ ಎಂಟರಿಂದ ಹತ್ತರೊಳಗೆ ಸೂರ್ಯನಿಗೆ ಎದುರಾಗಿ ನಿಂತು ನೋಡತಕ್ಕದ್ದು. ಬೆಳಕಿಗೆ ಅಡ್ಡಲಾಗಿ ಹಾರುವ ನೊಣಗಳ ದಾರಿ ದಾರದಂತೆ ಕಾಣಿಸುತ್ತದೆ. ದನದ ತೊಟ್ಟಿಗೆ ನೀರಿಗಾಗಿ ಬರುವ ನೊಣದ ಬೆನ್ನಿಗೆ ಜೋಳದ ಹಿಟ್ಟನ್ನು ಲಘುವಾಗಿ ಉದುರಿಸಿ, ಅದು ಹಾರುವ ದಿಕ್ಕನ್ನು ಗುರುತಿಸಿಕೊಳ್ಳಬಹುದು. ಬೇರೊಂದು ಜಾಗದಿಂದಲೂ ಹಾಗೆಯೇ ನೋಡಿದರೆ ಎರಡು ದಿಕ್ಕುಗಳು ಕೂಡುವೆಡೆಯಲ್ಲಿ ಗೂಡಿರುತ್ತದೆ.

ಒಳಗೆ ಹುಡುಕಬೇಕಾದ ಜಾಗಗಳು ಇವು: ಮಣ್ಣಿನ ಮಾಳಿಗೆಯ ತೊಲೆ ಮತ್ತು ಜಂತಿಗಳ ಸಂದು, ಬೆಳಕಿಂಡಿಯ ಅಂಚು, ಎರಡು ಪದರಿನ ಕಲ್ಲುಗೋಡೆಯ ಒಳಪೊಳ್ಳು, ಗೋಡೆಯ ಗೂಡು, ಅಟ್ಟದ ಮೇಲಣ ಗುಡಾಣ, ಬಳಕೆಯಿಲ್ಲದ ಹಗೇವು, ಹಳೆಯ ಸಂದೂಕ, ಕೊಟ್ಟಿಗೆಯ ಮೂಲೆಯಲ್ಲಿ ಬೋರಲಾಗಿಟ್ಟ ಬುಟ್ಟಿ, ಹೊಲದ ಮನೆಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ. ಕೊನೆಯದರಲ್ಲಿ ಕೈಯಿಡುವ ಮೊದಲು ವಿದ್ಯುತ್ತನ್ನು ಕಡಿತಗೊಳಿಸತಕ್ಕದ್ದು.

ಜಾಗ ಖಚಿತವಾಗದಿದ್ದರೆ ಊರು ನಿಶ್ಶಬ್ದವಾದ ರಾತ್ರಿಯಲ್ಲಿ ಗೋಡೆಗೆ ಕಿವಿಯಾನಿಸಿ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟಬೇಕು. ತುಡುವೆಯಿದ್ದರೆ ಒಳಗಿನಿಂದ ಒಮ್ಮೆಗೇ ಬುಸ್ಸೆಂಬ ಸದ್ದು ಬಂದು ನಿಲ್ಲುತ್ತದೆ. ಸದ್ದು ಎಲ್ಲಿ ಹೆಚ್ಚೋ ಅಲ್ಲಿಯೇ ಎರಿಗಳಿರುತ್ತವೆ. ಬಹಳ ದಿನಗಳ ಗೂಡಾದರೆ ಆ ಭಾಗದ ಗಾರೆ ಬೆಚ್ಚಗಿರುವುದೂ ಉಂಟು. ಆ ಸ್ಥಳವನ್ನು ಸೀಮೆಸುಣ್ಣದಿಂದ ಗುರುತುಮಾಡಿಕೊಂಡರೆ ವೃಥಾ ಗೋಡೆಯನ್ನು ಒಡೆಯುವ ಪ್ರಮೇಯವಿರುವುದಿಲ್ಲ.

4. ಜನರ ಹಾಗೂ ದನಗಳ ರಕ್ಷಣೆ

ಹಿಡಿಯುವ ಮೊದಲು ಗ್ರಾಮದ ಮುಖಂಡರು ವಹಿಸಬೇಕಾದ ಎಚ್ಚರಿಕೆಗಳು ಮೂರು.

ಮೊದಲನೆಯದಾಗಿ, ಸಮೀಪದಲ್ಲಿ ಕಟ್ಟಿದ ಎತ್ತು, ಎಮ್ಮೆ, ಕರುಗಳ ಹಗ್ಗ ಬಿಚ್ಚಿ ದೂರಕ್ಕೆ ಹೊಡೆಸಬೇಕು. ಮನುಷ್ಯನು ಓಡಿ ತಪ್ಪಿಸಿಕೊಳ್ಳಬಲ್ಲನು. ಗೂಟಕ್ಕೆ ಕಟ್ಟಿದ ಎತ್ತು ಓಡಲಾರದೆ ಪ್ರಾಣ ಬಿಡುತ್ತದೆ. ಎರಡನೆಯದಾಗಿ, ಮಕ್ಕಳನ್ನೂ ವೃದ್ಧರನ್ನೂ ನೋಡಲು ನೆರೆದವರನ್ನೂ ದೂರ ಕಳಿಸಬೇಕು. ಮೂರನೆಯದಾಗಿ, ಹಿಂದೆ ಜೇನು ಕಡಿದಾಗ ಮೈಯೆಲ್ಲ ದದ್ದು ಎದ್ದವರು, ಉಸಿರು ಕಟ್ಟಿದವರು ಇದ್ದರೆ ಅವರನ್ನು ಯಾವ ಕಾರಣಕ್ಕೂ ಈ ಕೆಲಸಕ್ಕೆ ಬಿಡಕೂಡದು.

ಕುಟುಕಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯತಕ್ಕದ್ದು. ಮುಳ್ಳು ಉಳಿದಷ್ಟು ಹೊತ್ತೂ ವಿಷ ಇಳಿಯುತ್ತಲೇ ಇರುತ್ತದೆ. ಮುಖ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿ ಬಿದ್ದರೆ ಅಥವಾ ಬಹಳ ನೊಣಗಳು ಒಟ್ಟಿಗೆ ಕಡಿದಿದ್ದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಇಂಥ ಸ್ಥಿತಿಯಲ್ಲಿ ಅರ್ಧ ಗಂಟೆಯ ವಿಳಂಬವೂ ಪ್ರಾಣವನ್ನು ತೆಗೆಯಬಲ್ಲದು.

ಕೆಲಸದ ನಡುವೆ ನೊಣಗಳನ್ನು ಹೊಸಕಬಾರದು. ಕುಟುಕಿದ ಹಾಗೂ ನಜ್ಜುಗುಜ್ಜಾದ ನೊಣದಿಂದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಟು ಮಿಕ್ಕ ನೊಣಗಳಿಗೆ ಯುದ್ಧದ ಕಹಳೆಯಂತಾಗುತ್ತದೆ.

5. ಹಿಡಿಯುವ ಕ್ರಮ

ಬೇಕಾಗುವ ಸಾಮಾನುಗಳು: ಎರಡು ಮೂರು ಚೌಕಟ್ಟುಗಳುಳ್ಳ ಸ್ವಚ್ಛವಾದ ಪೆಟ್ಟಿಗೆ, ತೆಂಗಿನ ನಾರು ಅಥವಾ ಹಳೆಯ ಗೋಣಿಯನ್ನು ಸುಡುವ ಹೊಗೆತಿದಿ, ಹರಿತವಾದ ಚಾಕು, ಬಾಳೆನಾರು, ಮುಚ್ಚಳವುಳ್ಳ ಪಾತ್ರೆ, ಒಂದು ಬಕೆಟ್ ನೀರು, ಮುಖಕ್ಕೆ ಪರದೆ, ತಿಳಿಬಣ್ಣದ ಉಡುಪು. ಮೆಣಸಿನಕಾಯಿಯ ಹೊಗೆಯನ್ನಾಗಲಿ ಗಂಧಕದ ಹೊಗೆಯನ್ನಾಗಲಿ ಉಪಯೋಗಿಸಕೂಡದು. ಸಂಜೆ ಸೂರ್ಯಾಸ್ತಕ್ಕೆ ಒಂದೆರಡು ಗಂಟೆ ಮುಂಚೆ ಆರಂಭಿಸುವುದು ಉತ್ತಮ. ಕತ್ತಲಾದ ಮೇಲೆ ಬೆಳಕು ಬೇಕಾದರೆ ಕೆಂಪು ಕಾಗದ ಸುತ್ತಿದ ಬ್ಯಾಟರಿಯನ್ನು ಹಿಡಿಯಬೇಕು. ಕೆಂಪು ಬೆಳಕು ಜೇನಿನ ಕಣ್ಣಿಗೆ ಕಾಣಿಸುವುದಿಲ್ಲ.

(ಅ) ಗೊಂಚಲಾಗಿ ಕುಳಿತಿದ್ದರೆ: ತೊಲೆಯಲ್ಲೋ ಬುಟ್ಟಿಯಲ್ಲೋ ಎರಿ ಕಟ್ಟದೆ ಗೊಂಚಲಾಗಿರುವ ಕುಟುಂಬ ಬಹು ಸೌಮ್ಯವಾದುದು. ಹೊಟ್ಟೆಯಲ್ಲಿ ಜೇನು ತುಂಬಿರುತ್ತದೆ, ಕಾಯಬೇಕಾದ ಮರಿಗಳಿರುವುದಿಲ್ಲ. ನೀರನ್ನು ಮಂಜಿನಂತೆ ಚಿಮುಕಿಸಿ, ಗೊಂಚಲಿನ ಕೆಳಗೆ ಪೆಟ್ಟಿಗೆಯನ್ನು ಹಿಡಿದು, ಮೇಲಿನ ಆಧಾರವನ್ನು ಒಮ್ಮೆ ಬಲವಾಗಿ ಅಲುಗಿಸಬೇಕು. ತಟ್ಟೆ ಜಾಗಟೆ ಬಾರಿಸಿದರೆ ಜೇನು ಇಳಿಯುತ್ತದೆಂಬ ನಂಬಿಕೆ ಪ್ರಾಚೀನ ರೋಮಿನಲ್ಲಿಯೂ ಇದ್ದಿತು. ಅದಕ್ಕಿಂತ ನೀರು ಚಿಮುಕಿಸುವುದೇ ಹೆಚ್ಚು ಉಪಯುಕ್ತ.

(ಆ) ಗೋಡೆಯಲ್ಲಿ ಎರಿ ಕಟ್ಟಿದ್ದರೆ: ಬಾಗಿಲಲ್ಲಿ ಸ್ವಲ್ಪ ಹೊಗೆ ಕೊಟ್ಟು, ಗುರುತಿನ ಜಾಗದಲ್ಲಿ ಒಂದೊಂದೇ ಕಲ್ಲನ್ನೋ ಇಟ್ಟಿಗೆಯನ್ನೋ ಬಿಡಿಸಬೇಕು. ಎರಿಗಳು ಕಂಡ ಮೇಲೆ ಅಂಚಿನ ಎರಿಯಿಂದ ಪ್ರಾರಂಭಿಸಿ ಒಂದೊಂದನ್ನೇ ಕತ್ತರಿಸಿ ತೆಗೆಯಬೇಕು. ಮರಿಯಿರುವ ಎರಿಯನ್ನು ಇದ್ದ ಹಾಗೆಯೇ, ಮೇಲಿನ ಅಂಚು ಮೇಲಾಗಿಯೇ ಬರುವಂತೆ, ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ ಪೆಟ್ಟಿಗೆಯಲ್ಲಿ ತೂಗುಹಾಕಬೇಕು. ಕೆಲವು ದಿನಗಳಲ್ಲಿ ನೊಣಗಳು ಅದನ್ನು ಮೇಣದಿಂದ ಭದ್ರಪಡಿಸಿ ನಾರನ್ನು ಕಡಿದುಹಾಕುತ್ತವೆ. ಜೇನು ತುಂಬಿದ ಎರಿಯನ್ನು ಮಾತ್ರ ಪೆಟ್ಟಿಗೆಯಲ್ಲಿಡದೆ ಪಾತ್ರೆಗೆ ಹಾಕಿ ಮುಚ್ಚಬೇಕು. ಅದು ಸೋರಿದರೆ ನೊಣಗಳು ಅಂಟಿಕೊಂಡು ಸಾಯುವುವಲ್ಲದೆ ಇರುವೆಗಳು ಬೀಳುತ್ತವೆ.

ಎಲ್ಲಕ್ಕೂ ಮುಖ್ಯವಾದುದು ರಾಣಿ. ಕೆಲಸಗಾರ ನೊಣಕ್ಕಿಂತ ಉದ್ದವಾದ ಹೊಟ್ಟೆ, ಗಿಡ್ಡವಾಗಿ ಕಾಣುವ ರೆಕ್ಕೆ, ಬೆಳಕು ಬಿದ್ದೊಡನೆ ಕತ್ತಲೆಯ ಕಡೆಗೆ ನಡೆಯುವ ಸ್ವಭಾವ ಇವುಗಳಿಂದ ಅದನ್ನು ಗುರುತಿಸಬಹುದು. ರಾಣಿ ಪೆಟ್ಟಿಗೆಯನ್ನು ಹೊಕ್ಕರೆ ಮಿಕ್ಕವು ಕರೆಯದೆ ಬರುತ್ತವೆ. ರಾಣಿ ಗೋಡೆಯಲ್ಲಿ ಉಳಿದರೆ ಹಿಡಿದುಹಾಕಿದ ನೊಣಗಳೂ ಹಿಂದಿರುಗುತ್ತವೆ. ಕಣ್ಣಿಗೆ ಬೀಳದಿದ್ದರೆ ನಿರಾಶೆಗೊಳ್ಳಬೇಕಾಗಿಲ್ಲ. ಪೆಟ್ಟಿಗೆಯ ಬಾಗಿಲನ್ನು ಹಳೆಯ ಬಿಲದ ಸಮೀಪಕ್ಕೆ ತಂದಿಟ್ಟು ನೋಡಬೇಕು. ನೊಣಗಳು ಬಾಗಿಲಲ್ಲಿ ನಿಂತು ಹಿಂಭಾಗವನ್ನೆತ್ತಿ ರೆಕ್ಕೆ ಬೀಸುತ್ತ ಇತರರನ್ನು ಕರೆಯುತ್ತಿದ್ದರೆ ರಾಣಿ ಒಳಗಿದೆಯೆಂದು ತಿಳಿಯಬಹುದು. ಪೂರ್ತಿ ಕತ್ತಲಾಗುವ ತನಕ ಅಲ್ಲಿಯೇ ಬಿಟ್ಟು, ಹೊರಗುಳಿದ ನೊಣಗಳೆಲ್ಲ ಸೇರಿದ ಬಳಿಕ, ಗಾಳಿಯಾಡುವ ಜಾಲರಿಯಿಂದ ಬಾಗಿಲು ಮುಚ್ಚಿ ಒಯ್ಯಬೇಕು.

ಬಹು ದಿನಗಳಿಂದ ಗೋಡೆಯಲ್ಲಿ ನೆಲೆಸಿದ ಕುಟುಂಬವನ್ನು ಅದೇ ಊರಿನ ನಾಲ್ಕು ಮನೆ ಆಚೆಗೆ ಇಟ್ಟರೆ ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ. ಆದುದರಿಂದ ಎರಡು ವಾರಗಳ ಕಾಲ ಸುಮಾರು 3 ಕಿಲೋಮೀಟರು ದೂರದ ತೋಟದಲ್ಲಿಟ್ಟು ಆಮೇಲೆ ತರಬಹುದು.

(ಇ) ಗೋಡೆಯನ್ನು ಒಡೆಯಲಾಗದಿದ್ದರೆ: ಗುಡಿ, ಶಾಲೆ, ಭಾರ ಹೊತ್ತ ಗೋಡೆ ಮುಂತಾದ ಕಡೆ ಬೇರೊಂದು ಉಪಾಯವುಂಟು. ಒಂದು ಬಿಲವನ್ನುಳಿದು ಎಲ್ಲ ಸಂದುಗಳನ್ನು ಮುಚ್ಚಿ, ಆ ಬಿಲಕ್ಕೆ ಸುಮಾರು ಒಂದು ಅಡಿ ಉದ್ದದ ತಂತಿ ಜಾಲರಿಯ ಶಂಕುವನ್ನು ಅಗಲವಾದ ಬಾಯಿ ಗೋಡೆಗೆ ಬರುವಂತೆ ಜೋಡಿಸಬೇಕು. ತುದಿಯ ರಂಧ್ರದಲ್ಲಿ ಒಂದೆರಡು ನೊಣ ಮಾತ್ರ ಹಿಡಿಸಬೇಕು. ಹೊರಬಂದ ನೊಣಕ್ಕೆ ಒಳದಾರಿ ಸಿಕ್ಕುವುದಿಲ್ಲ. ತುದಿಯ ಪಕ್ಕದಲ್ಲಿ ಬೇರೆ ಕುಟುಂಬದಿಂದ ತಂದ, ಮೊಟ್ಟೆ ಹಾಗೂ ಎಳೆಮರಿಗಳಿರುವ ಎರಿಯೊಂದನ್ನು ಒಳಗಿಟ್ಟ ಪೆಟ್ಟಿಗೆಯಿದ್ದರೆ ನೊಣಗಳು ಅದನ್ನು ಸೇರಿ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಕೆಲಸಗಾರ ಮರಿಯು ಮೊಟ್ಟೆಯಿಂದ ನೊಣವಾಗಲು ಸುಮಾರು 20 ದಿನ ಬೇಕಾದುದರಿಂದ ಒಳಗಿನ ಮರಿಗಳೆಲ್ಲ ಹೊರಬರಲು ಒಂದು ತಿಂಗಳೋ ಇನ್ನೂ ಹೆಚ್ಚೋ ಹಿಡಿಯಬಹುದು. ತಾಳ್ಮೆಯಿದ್ದವರಿಗೆ ಮಾತ್ರ ಈ ಮಾರ್ಗ.

ಯಾವ ಕ್ರಮದಿಂದ ತೆಗೆದರೂ ಪೊಳ್ಳಿನಲ್ಲಿ ಉಳಿದ ಮೇಣವನ್ನು ಕೈಗೆ ಸಿಕ್ಕುವಷ್ಟು ಕೆರೆದು, ಸುಣ್ಣ ಬಳಿದು, ಗಾರೆಯಿಂದ ತುಂಬತಕ್ಕದ್ದು. ಹಳೆಯ ಮೇಣದ ವಾಸನೆ ಉಳಿದರೆ ಬರುವ ವರುಷ ಮತ್ತೊಂದು ಕುಟುಂಬ ಅದೇ ಬಿಲವನ್ನು ಹುಡುಕಿಕೊಂಡು ಬರುತ್ತದೆ.

6. ವಿಷ ಹಾಗೂ ಬೆಂಕಿಯಿಂದಾಗುವ ಹಾನಿ

ಗೋಡೆಯೊಳಗಿನ ಜೇನಿಗೆ ವಿಷ ಹೊಡೆದವನು ತೊಂದರೆಯನ್ನು ಕೊನೆಗಾಣಿಸಿದೆನೆಂದು ಭಾವಿಸುವನು; ತೊಂದರೆ ಆಗಲೇ ಆರಂಭವಾಗಿರುತ್ತದೆ. ಜೀವಂತ ನೊಣಗಳಿರುವ ತನಕ ಎರಿಯನ್ನು ತಂಪಾಗಿಟ್ಟು ಕಾಯುತ್ತವೆ. ಅವು ಸತ್ತ ಮೇಲೆ ಸೆಕೆಗೆ ಎರಿ ಮೆತ್ತಗಾಗಿ ಕುಸಿದು, ಜೇನು ಗೋಡೆಯಲ್ಲಿ ಸೋರಿ, ಸತ್ತ ಮರಿಗಳು ಕೊಳೆತು ನಾರುತ್ತವೆ. ಇರುವೆ, ಪತಂಗದ ಹುಳು, ಇಲಿಗಳು ಸೇರುತ್ತವೆ. ಅಕ್ಕಪಕ್ಕದ ಪೆಟ್ಟಿಗೆಗಳ ನೊಣಗಳು ವಿಷ ಬೆರೆತ ಆ ಜೇನನ್ನು ಸೂರೆಮಾಡಿ ಒಯ್ದು ತಾವೂ ಹಾಳಾಗುತ್ತವೆ. ಗೋಡೆ ಒಡೆದಾಗ ಸಿಕ್ಕಿದ ಅಂಥ ಜೇನನ್ನು ಮಕ್ಕಳಿಗೆ ನೆಕ್ಕಿಸಿದರೆ ಆಗುವ ಅನಾಹುತವನ್ನು ಬೇರೆ ಹೇಳಬೇಕಾದುದಿಲ್ಲ. ಇನ್ನು ಪಂಜಿನ ಬೆಂಕಿಯು ಒಣಗಿದ ಜಂತಿಯನ್ನೋ ಪಕ್ಕದ ಬಣವೆಯನ್ನೋ ಮುಟ್ಟಿದರೆ ವರ್ಷದ ಮೇವು ಒಂದು ಗಳಿಗೆಯಲ್ಲಿ ಬೂದಿಯಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಹೊಲದಲ್ಲಿ ಕಾಣುತ್ತದೆ. ಸೂರ್ಯಕಾಂತಿ, ಕುಸುಬೆ, ಗುರೆಳ್ಳು, ದಾಳಿಂಬೆ, ಕಲ್ಲಂಗಡಿ, ಈರುಳ್ಳಿ ಬೀಜದ ಬೆಳೆ ಇವೆಲ್ಲವುಗಳಿಗೆ ಜೇನಿನಿಂದ ಉಪಕಾರವುಂಟು. 1980ರಲ್ಲಿ ಬಿ.ಎಸ್.ಎಚ್.–1 ಎಂಬ ಭಾರತದ ಮೊದಲ ಸೂರ್ಯಕಾಂತಿ ಸಂಕರಣ ತಳಿ ಬೆಂಗಳೂರಿನಿಂದ ಬಿಡುಗಡೆಯಾಯಿತು. ಇಂಥ ಸಂಕರಣ ಬೀಜವನ್ನು ಉತ್ಪಾದಿಸುವ ತಾಕಿನಲ್ಲಿ ಹೆಣ್ಣು ಸಾಲಿನ ಗಿಡಕ್ಕೆ ಸ್ವಂತ ಪರಾಗವೇ ಇರುವುದಿಲ್ಲ. ಗಂಡು ಸಾಲಿನಿಂದ ಪರಾಗವನ್ನು ಒಯ್ಯುವವರು ಜೇನುನೊಣಗಳು. ಅವಿಲ್ಲದಿದ್ದರೆ ಆ ಕೆಲಸಕ್ಕೆ ಕೂಲಿ ಕೊಡಬೇಕು. ಗೋಡೆಯಲ್ಲಿ ಸುಟ್ಟ ಒಂದು ಗೂಡು ಹೊಲದಲ್ಲಿ ದುಡಿಯಬೇಕಾಗಿದ್ದ ಸಾವಿರಾರು ಕೂಲಿಕಾರರ ಗುಂಪೆಂಬುದನ್ನು ಭೂಮಾಲೀಕರು ನೆನೆಯಬೇಕು.

ಆನೆಗೊಂದಿಯ ಸುತ್ತಣ ನಾಡನ್ನು ಕಿಷ್ಕಿಂಧೆಯೆಂದು ನಮ್ಮ ಜನರು ನಂಬಿಕೊಂಡು ಬಂದಿರುವರು. ಸೀತೆಯ ಸುಳಿವನ್ನು ತಿಳಿದು ಮರಳಿದ ಕಪಿಗಳು ಸುಗ್ರೀವನ ಮಧುವನವನ್ನು ಹೊಕ್ಕು ಜೇನು ಕುಡಿದು ಹಾಳುಗೆಡವಿದ ಕಥೆಯನ್ನು ಸುಂದರಕಾಂಡದಲ್ಲಿ ಎಲ್ಲರೂ ಕೇಳಿರುವರು. ಆ ವನಕ್ಕೆ ದಧಿಮುಖನೆಂಬ ಕಾವಲುಗಾರನಿದ್ದನು. ಇಂದು ಗ್ರಾಮಗಳಲ್ಲಿ ದಧಿಮುಖನ ಕೆಲಸ ಮುಖಂಡರಿಗೆ ಸೇರಿದುದಾಗಿದೆ.

7. ಮತ್ತೆ ಹೋಗದಂತೆ ನೋಡಿಕೊಳ್ಳುವುದು

ಹಿಡಿದು ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲು ಹೋದ ಕಾರಣ ಹಾಗೆಯೇ ಇದ್ದರೆ ವಾರದೊಳಗೆ ಮತ್ತೆ ಹೋಗುತ್ತದೆ. ಪೆಟ್ಟಿಗೆಯನ್ನು ಬೇವಿನ ಅಥವಾ ಹೊಂಗೆಯ ನೆರಳಿನಲ್ಲಿಟ್ಟು, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಕೂತು ನೀರು ಕುಡಿಯಲು ಅನುಕೂಲವಾಗುವಂತೆ ಕಡ್ಡಿ ಹಾಕಿದ ನೀರಿನ ಮಡಕೆ ಸಮೀಪದಲ್ಲಿರಬೇಕು. ಬೇಸಗೆಯಲ್ಲಿ ಮುಚ್ಚಳದ ಮೇಲೆ ಒದ್ದೆ ಗೋಣಿ ಹೊದಿಸುವುದು ಒಳ್ಳೆಯದು. ಸಮಭಾಗ ಸಕ್ಕರೆ ಹಾಗೂ ನೀರಿನ ಪಾಕವನ್ನು ಸಂಜೆಯ ವೇಳೆ ಪೆಟ್ಟಿಗೆಯ ಒಳಗೆ ಇಡಬೇಕು. ಹೊರಗೆ ಚೆಲ್ಲಿದರೆ ಇರುವೆಗಳಿಗೂ ಕಳ್ಳ ನೊಣಗಳಿಗೂ ಆಹ್ವಾನವಾಗುತ್ತದೆ.

ರಾಣಿ ಹೊರಹೋಗದಂತೆ ಬಾಗಿಲಿಗೆ ರಾಣಿತಡೆಯನ್ನು ಕೆಲವು ದಿನ ಹಾಕಬಹುದು. ಆದರೆ ಪಾಲಾಗಿ ಹೋದ ಎರಡನೆಯ ತಂಡದಲ್ಲಿ ಕನ್ಯೆ ರಾಣಿಯಿರುತ್ತದೆ. ಅದು ಗಂಡುನೊಣಗಳನ್ನು ಕೂಡಲು ಹೊರಗೆ ಹಾರಲೇಬೇಕು. ಅಂಥ ಕುಟುಂಬಕ್ಕೆ ರಾಣಿತಡೆ ಹಾಕಿದರೆ ಕುಟುಂಬವೇ ನಶಿಸುತ್ತದೆ.

ಗಂಗಾವತಿಯ ಕಾಲುವೆ ಪ್ರದೇಶದವರು ವಿಶೇಷವಾಗಿ ಗಮನಿಸಬೇಕಾದುದೊಂದುಂಟು. ತುಂಗಭದ್ರಾ ಜಲಾಶಯವು 1953ರಲ್ಲಿ ಪೂರ್ಣಗೊಂಡ ಬಳಿಕ ಎಡದಂಡೆಯ ಕಾಲುವೆಯ ಕೆಳಗೆ ಭತ್ತವು ವ್ಯಾಪಕವಾಗಿ ಹಬ್ಬಿತು. ಕಣ್ಣಿಗೆ ಹಸಿರಾಗಿದ್ದರೂ ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಎತ್ತ ನೋಡಿದರೂ ಗದ್ದೆಯೇ ಇರುವಲ್ಲಿ ಪೆಟ್ಟಿಗೆಯ ಜೇನು ಹಸಿರಿನ ನಡುವೆಯೇ ಉಪವಾಸ ಬೀಳುತ್ತದೆ. ಮೇಲಾಗಿ ಭತ್ತಕ್ಕೆ ಹೊಡೆಯುವ ಔಷಧದ ಭಯ. ಬದುಗಳಲ್ಲಿ ತೆಂಗು, ನುಗ್ಗೆ, ಹೊಂಗೆಗಳನ್ನು ಬೆಳೆಸಿದವರ ಪೆಟ್ಟಿಗೆಗಳು ನಿಲ್ಲುತ್ತವೆ. ಯಲಬುರ್ಗಾ, ಕುಷ್ಟಗಿ ಕಡೆಯ ಖುಷ್ಕಿ ಜಮೀನಿನಲ್ಲಿ ಹಿಂಗಾರಿಯ ಹೂವು ಮುಗಿದ ಮೇಲೆ ಬೇವು, ಹೊಂಗೆ, ಹುಣಿಸೆಗಳೇ ಆಧಾರ. ಆ ಮರಗಳನ್ನು ಕಡಿಸುವಾಗ ಇದನ್ನು ಆಲೋಚಿಸಬೇಕು. ಎಲ್ಲಿಯೇ ಆಗಲಿ ಹೂವು ಬಿಟ್ಟ ಬೆಳೆಗೆ ಔಷಧ ಹೊಡೆಯಲೇಬೇಕಾದರೆ ನೊಣಗಳು ಗೂಡು ಸೇರಿದ ಸಂಜೆಯಲ್ಲಿ ಹೊಡೆದು, ಜೇನು ಸಾಕುವ ನೆರೆಯವರಿಗೆ ಹಿಂದಿನ ದಿನವೇ ತಿಳಿಸತಕ್ಕದ್ದು.

8. ಜೇನು ಯಾರದು?

ಒಬ್ಬರ ಪೆಟ್ಟಿಗೆಯ ಜೇನು ಇನ್ನೊಬ್ಬರ ಮನೆಯನ್ನು ಹೊಕ್ಕಾಗ ಗ್ರಾಮದಲ್ಲಿ ಜಗಳ ಹುಟ್ಟುವುದು ಸಹಜ. ಸಾಕಿದವನು ನನ್ನದೆನ್ನುವನು, ಮನೆಯವನು ನನ್ನ ಗೋಡೆಯಲ್ಲಿದ್ದುದು ನನ್ನದೆನ್ನುವನು. ಈ ಪ್ರಶ್ನೆ ಬಹು ಹಳೆಯದು. ಕ್ರಿ. ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನು ಹೊರಡಿಸಿದ ನ್ಯಾಯಗ್ರಂಥದಲ್ಲಿ, ಗೂಡಿನಿಂದ ಹೊರಟ ಜೇನು ಯಜಮಾನನ ಕಣ್ಣಿಗೆ ಕಾಣುತ್ತ, ಬೆನ್ನಟ್ಟಲು ಕಷ್ಟವಾಗದಿರುವ ತನಕ ಅವನದೆಂದೂ, ಆಮೇಲೆ ಹಿಡಿದವನದೆಂದೂ ನಿರ್ಣಯಿಸಿದೆ. 1900ರಿಂದ ಜಾರಿಯಲ್ಲಿರುವ ಜರ್ಮನಿಯ ನಾಗರಿಕ ಸಂಹಿತೆಯು ಜೇನನ್ನು ಬೆನ್ನಟ್ಟಿ ಪರರ ನೆಲವನ್ನು ಪ್ರವೇಶಿಸುವ ಹಕ್ಕನ್ನು ಯಜಮಾನನಿಗೆ ಕೊಟ್ಟಿದೆ. ಆದರೆ ಅದರಿಂದಾದ ನಷ್ಟವನ್ನು ಅವನೇ ತುಂಬಬೇಕೆಂದು ವಿಧಿಸಿದೆ.

ನಮ್ಮ ಊರುಗಳಲ್ಲಿ ಇಂಥ ವ್ಯಾಜ್ಯವು ಕಟ್ಟೆಯ ಮೇಲೆಯೇ ತೀರುವುದು ಲೇಸು. ಜೇನು ಹೊರಟುದನ್ನು ಕಂಡ ಯಜಮಾನನು ಅಂದೇ ನೆರೆಹೊರೆಯವರಿಗೆ ತಿಳಿಸಲಿ. ಮನೆಯವರ ಅನುಮತಿ ಪಡೆದು, ಅವರು ಹೇಳಿದ ವೇಳೆಯಲ್ಲಿ ಹಿಡಿಯಲಿ. ಒಡೆದ ಗೋಡೆಯನ್ನು ತನ್ನ ಖರ್ಚಿನಿಂದ ಸರಿಪಡಿಸಲಿ. ಎರಿಯಲ್ಲಿ ಸಿಕ್ಕಿದ ಜೇನನ್ನು ಮನೆಯವರಿಗೆ ಒಪ್ಪಿಸಿ ಕುಟುಂಬವನ್ನು ತಾನು ಒಯ್ಯಲಿ. ಈ ಒಪ್ಪಂದದಲ್ಲಿ ಇಬ್ಬರಿಗೂ ನಷ್ಟವಿಲ್ಲ. ಯಜಮಾನನು ಯಾರೆಂದು ತಿಳಿಯದಿದ್ದರೆ ಸಾಕಬಲ್ಲವನೊಬ್ಬನಿಗೆ ಕುಟುಂಬವನ್ನು ವಹಿಸಿಕೊಡಬಹುದು.

ನೆನಪಿನಲ್ಲಿಡತಕ್ಕ ಮುಖ್ಯಾಂಶಗಳು

ಜಾತಿಯನ್ನು ಗುರುತಿಸದೆ ಸಮೀಪಿಸಬಾರದು, ಹೆಜ್ಜೇನಾದರೆ ದೂರವಿರಬೇಕು. ಖಾಲಿ ಪೆಟ್ಟಿಗೆಯಲ್ಲಿ ಕಾರಣವನ್ನೂ, ಪರಾಗ ಹೊತ್ತ ನೊಣದ ದಾರಿಯಲ್ಲಿ ಗೂಡನ್ನೂ ಹುಡುಕಬೇಕು. ಮೊದಲು ದನಗಳ ಹಗ್ಗ ಬಿಚ್ಚಬೇಕು, ಆಮೇಲೆ ಹೊಗೆ. ರಾಣಿ ಬಂದರೆ ಕುಟುಂಬ ಬಂತು. ವಿಷವೂ ಬೆಂಕಿಯೂ ಪರಿಹಾರವಲ್ಲ. ಹೋದ ಕಾರಣವನ್ನು ತೆಗೆಯದೆ ತಂದ ಜೇನು ನಿಲ್ಲುವುದಿಲ್ಲ.

ಪ್ರತಿ ಗ್ರಾಮದಲ್ಲಿ ಧೈರ್ಯವೂ ತಾಳ್ಮೆಯೂ ಉಳ್ಳ ಇಬ್ಬರು ಯುವಕರಿಗೆ ಈ ಕೆಲಸವನ್ನು ಕಲಿಸಿ, ಒಂದು ಹೊಗೆತಿದಿ, ಎರಡು ಮುಖಪರದೆ, ಒಂದು ಖಾಲಿ ಪೆಟ್ಟಿಗೆಯನ್ನು ಗ್ರಾಮದಲ್ಲಿ ಸಿದ್ಧವಾಗಿ ಇರಿಸುವುದು ಯುಕ್ತ. ತರಬೇತಿಯ ವಿಷಯವಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೋ, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೋ, ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಬಹುದು. ಗ್ರಾಮದ ಮುಖಂಡರು ಮುಂದಿನ ಹೂವಿನ ಕಾಲಕ್ಕೆ ಮುಂಚಿತವಾಗಿಯೇ ಈ ಏರ್ಪಾಟನ್ನು ಮಾಡಿಕೊಳ್ಳುವರೆಂದು ನಂಬಲಾಗಿದೆ.